ಮರಿಯನ್ನು ಅನಾಥವಾಗಿಸುವ ಕರುಣೆ

ಚಿರತೆಯ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುವ ಚಿತ್ರಕ್ಕೆ ಮರುಳಾಗದವರು ವಿರಳ. ಪತ್ರಿಕೆಗಳು ಅದನ್ನು ಮಾನವೀಯತೆಯೆಂದು ಹೊಗಳುತ್ತವೆ. ಮರಿಯನ್ನು ಎತ್ತಿ ತಂದವರು ನಾಲ್ಕು ದಿನ ಊರಿನಲ್ಲಿ ವೀರರೆನಿಸುತ್ತಾರೆ. ಆ ಮರಿಗೆ ತಾಯಿ ಇದ್ದಳೇ, ಆ ರಾತ್ರಿ ಆಕೆ ಬರಿದಾದ ಹೊಲದಲ್ಲಿ ಎಷ್ಟು ಹೊತ್ತು ಹುಡುಕಿದಳು ಎಂಬ ಪ್ರಶ್ನೆ ಮಾತ್ರ ಯಾರ ಬಾಯಿಂದಲೂ ಬರುವುದಿಲ್ಲ.

ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ನೀರು ಹರಿದಲ್ಲೆಲ್ಲ ಬಾಗಲಕೋಟೆ ಜಿಲ್ಲೆಯಲ್ಲಿ ಕಬ್ಬು ಹಬ್ಬಿದೆ. ಹುನಗುಂದ, ಬಾದಾಮಿಗಳ ಕಲ್ಲುಗುಡ್ಡಗಳು ಆ ಹೊಲಗಳಿಗೆ ದೂರವಲ್ಲ. ಹತ್ತು-ಹನ್ನೆರಡು ತಿಂಗಳು ಕಡಿಯದೆ ನಿಲ್ಲುವ ಕಬ್ಬು, ಗವಿಯಷ್ಟೇ ಸುರಕ್ಷಿತವಾದ ಬಾಣಂತಿಕೋಣೆಯಾಗಿ ಚಿರತೆಗೆ ತೋರುವುದು ಸಹಜ. ಮಂಡ್ಯ, ಮೈಸೂರು ಸೀಮೆಯಲ್ಲಿ ಕಬ್ಬು ಕಟಾವಿನ ವೇಳೆ ಮರಿಗಳು ಸಿಕ್ಕ ಸುದ್ದಿ ಮತ್ತೆ ಮತ್ತೆ ಬರುತ್ತದೆ. 2022ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿರುವ ಚಿರತೆಗಳು 1,879. ಗುಡ್ಡವೂ ನೀರಾವರಿಯೂ ಒಂದನ್ನೊಂದು ಮುಟ್ಟುವ ಯಾವ ಊರೂ ಇದು ತನಗೆ ಸಂಬಂಧಿಸಿದ್ದಲ್ಲವೆಂದು ಕೈತೊಳೆದುಕೊಳ್ಳುವಂತಿಲ್ಲ.

ಹಗಲಿನಲ್ಲಿ ಒಂಟಿಯಾಗಿ ಕಂಡ ಮರಿ ಅನಾಥವಲ್ಲ. ತಾಯಿಚಿರತೆ ಮರಿಗಳನ್ನು ಬಚ್ಚಿಟ್ಟು ಬೇಟೆಗೆ ಹೋಗುತ್ತದೆ. ಜನರ ಗದ್ದಲವಿದ್ದರೆ ಕತ್ತಲಾಗುವವರೆಗೆ ದೂರ ನಿಲ್ಲುತ್ತದೆ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲವೆಂಬ ಮಾತು ಬರಿಯ ನಂಬಿಕೆ. ಮಹಾರಾಷ್ಟ್ರದ ಜುನ್ನರ ಸೀಮೆಯಲ್ಲಿ ಇದು ಮತ್ತೆ ಮತ್ತೆ ಸುಳ್ಳಾಗಿದೆ. ಅಲ್ಲಿನ ಮಾಣಿಕ್‌ಡೋಹ್ ಚಿರತೆ ರಕ್ಷಣಾ ಕೇಂದ್ರದ ವೈದ್ಯರು ಹಾಗೂ ಅರಣ್ಯ ಸಿಬ್ಬಂದಿ, ಕಬ್ಬಿನ ಹೊಲದಲ್ಲಿ ಸಿಕ್ಕ ಮರಿಗಳನ್ನು ಪರೀಕ್ಷಿಸಿ, ಸಂಜೆ ಅದೇ ಜಾಗದಲ್ಲಿ ಪೆಟ್ಟಿಗೆಯೊಂದರಲ್ಲಿಟ್ಟು ದೂರ ಸರಿಯುತ್ತಾರೆ. ರಾತ್ರಿ ತಾಯಿ ಬಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುವುದನ್ನು ಅಲ್ಲಿಟ್ಟ ಕ್ಯಾಮೆರಾಗಳು ಅನೇಕ ಬಾರಿ ಸೆರೆಹಿಡಿದಿವೆ.

ಕೈಯಲ್ಲಿ ಸಾಕಿದ ಮರಿಯ ಗತಿಯೇನು? ಹಸುವಿನ ಹಾಲಿನಲ್ಲಿ ಅದಕ್ಕೆ ಬೇಕಾದಷ್ಟು ಕೊಬ್ಬೂ ಇಲ್ಲ, ಪ್ರೋಟೀನೂ ಇಲ್ಲ. ಅದರಲ್ಲಿರುವ ಸಕ್ಕರೆಯಂಶದಿಂದ ಭೇದಿ ಹತ್ತುತ್ತದೆ. ಬರಿಯ ಮಾಂಸದ ತುಂಡುಗಳನ್ನು ತಿಂದು ಬೆಳೆದರೆ ಕ್ಯಾಲ್ಸಿಯಂ ಸಾಲದೆ ಎಲುಬು ಸೊಟ್ಟಗಾಗುತ್ತದೆ. ಬದುಕಿ ಉಳಿದರೂ, ಒಂದೂವರೆ ವರ್ಷದಷ್ಟು ಕಾಲ ತಾಯಿಯ ಬೆನ್ನುಹತ್ತಿ ಕಲಿಯಬೇಕಾದ ಬೇಟೆಯ ವಿದ್ಯೆಯನ್ನು ಯಾವ ಸಾಕುತಂದೆ ಕಲಿಸಬಲ್ಲ? ಅದು ಕಳೆದುಕೊಳ್ಳುವ ದೊಡ್ಡ ಸಂಪತ್ತೆಂದರೆ ಮನುಷ್ಯರ ಭಯ. ಭಯವಿಲ್ಲದ ಚಿರತೆಯನ್ನು ಗುಡ್ಡಕ್ಕೆ ಬಿಟ್ಟರೆ ಕುರಿಹಟ್ಟಿಯ ಮಕ್ಕಳಿಗೆ ಅಪಾಯ. ಬಿಡದಿದ್ದರೆ ಅದಕ್ಕೆ ಆಜೀವ ಸೆರೆವಾಸ.

ಪಂಜರವೂ ಅಭಯವಲ್ಲ. ಪಶುವೈದ್ಯರೂ ಲಸಿಕೆಯೂ ಇರುವ ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿಯೇ 2023ರಲ್ಲಿ ಏಳು ಚಿರತೆಮರಿಗಳು ಪ್ಯಾನ್‌ಲ್ಯೂಕೋಪೇನಿಯಾ ಎಂಬ ವೈರಸ್ ರೋಗಕ್ಕೆ ಬಲಿಯಾದವು. ಇದು ಮನೆಬೆಕ್ಕುಗಳಿಗೂ ತಗಲುವ ರೋಗ. ಹೀಗಿರುವಾಗ ಹಿತ್ತಲಿನ ಬುಟ್ಟಿಯಲ್ಲಿ, ಬೆಕ್ಕುನಾಯಿಗಳ ನಡುವೆ ಇಟ್ಟ ಮರಿಯ ಪಾಡನ್ನು ಹೇಳಬೇಕೆ?

ತಾಯಿ ನಿಜವಾಗಿಯೂ ಸತ್ತಿದ್ದರೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಕಾನ್ಹಾದ ಎರಡು ಅನಾಥ ಹೆಣ್ಣುಹುಲಿಮರಿಗಳು ಬೇಲಿಯೊಳಗಿನ ವಿಶಾಲ ಕಾಡಿನಲ್ಲಿ ಬೇಟೆ ಕಲಿತು, 2011ರಲ್ಲಿ ಪನ್ನಾ ಅರಣ್ಯ ಸೇರಿ, ಮುಂದೆ ಮರಿ ಹಾಕಿದವು. ಅವುಗಳನ್ನು ಮನುಷ್ಯರ ಸಂಗದಿಂದ ದೂರವಿಟ್ಟದ್ದೇ ಆ ಯಶಸ್ಸಿನ ಗುಟ್ಟು. ಇದಕ್ಕೆ ವ್ಯತಿರಿಕ್ತವಾಗಿ, ಇಂಗ್ಲೆಂಡಿನ ಮೃಗಾಲಯದಿಂದ 1976ರಲ್ಲಿ ಬಂದ ತಾರಾ ಎಂಬ ಹುಲಿಮರಿಯನ್ನು ದುಧ್ವಾದ ಅರ್ಜನ್ ಸಿಂಗ್ ಕೈಯಾರೆ ಸಾಕಿ ಕಾಡಿಗೆ ಬಿಟ್ಟರು. 1980ರಲ್ಲಿ ನರಭಕ್ಷಕವೆಂದು ಕೊಂದ ಹೆಣ್ಣುಹುಲಿ ತಾರಾಳೇ ಎಂದು ಅಧಿಕಾರಿಗಳು ಹೇಳಿದರು. ಸಿಂಗ್ ಅದನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ಅಂಥ ಧೀಮಂತನ ಪ್ರೀತಿಯೇ ಇಷ್ಟು ಸಂಶಯಗಳಿಗೆ ಎಡೆಗೊಟ್ಟಿತೆಂಬುದು ನೆನಪಿರಲಿ.

ಇಷ್ಟೆಲ್ಲ ಹೇಳಿ ಕಟಾವಿನ ಕೂಲಿಕಾರರನ್ನು ದೂರಿ ಕೂರುವುದು ಅನ್ಯಾಯ. ಟನ್ ಲೆಕ್ಕದಲ್ಲಿ ಕೂಲಿ ಪಡೆಯುವ ಗ್ಯಾಂಗಿಗೆ ಒಂದು ದಿನ ಕೊಡಲಿ ನಿಂತರೆ ಒಂದು ದಿನದ ಊಟ ನಿಂತಂತೆ. ಕಡಿದ ಕಬ್ಬು ಒಣಗಿ ತೂಕ ಇಳಿದರೆ ನಷ್ಟ ರೈತನದು. ಚಿರತೆ ಸರ್ಕಾರದ ಸ್ವತ್ತೆಂದು ಕಾಯಿದೆ ಹೇಳುವುದಾದರೆ, ಅದರ ಮರಿಗಾಗಿ ನಿಲ್ಲಿಸಿದ ಕೆಲಸದ ಕೂಲಿಯನ್ನು ಬಡವರ ತಲೆಗೆ ಕಟ್ಟುವುದು ಯಾವ ನ್ಯಾಯ? ಅರಣ್ಯ ಇಲಾಖೆಯೂ ಸಕ್ಕರೆ ಕಾರ್ಖಾನೆಗಳೂ ಸೇರಿ ಆ ನಷ್ಟವನ್ನು ಭರಿಸಬೇಕು. ಕಟಾವು ಆರಂಭವಾಗುವ ಮುನ್ನವೇ ಗ್ಯಾಂಗುಗಳಿಗೆ ತಿಳಿವಳಿಕೆ ನೀಡಬೇಕು. ನಿಂತ ಕಬ್ಬಿಗೂ ರವದಿಗೂ ಬೆಂಕಿಯಿಡುವುದು ನಿಲ್ಲಬೇಕು.

ಊರಿನವರು ಮಾಡಬೇಕಾದದ್ದು ಸರಳ. ಮರಿ ಕಂಡ ಕೂಡಲೇ ಆ ಭಾಗದ ಕೆಲಸ ನಿಲ್ಲಿಸಿ, ಸುತ್ತಲಿನ ಕಬ್ಬನ್ನು ಹಾಗೆಯೇ ಬಿಟ್ಟು, ಗುಂಪಾಗಿ ಹಿಂದೆ ಸರಿಯಬೇಕು. ತಾಯಿ ಹತ್ತಿರದಲ್ಲಿಯೇ ಇರಬಹುದು. ಅರಣ್ಯ ಇಲಾಖೆಯ 1926 ಸಂಖ್ಯೆಗೆ ಕರೆ ಮಾಡಬೇಕು. ಹಾಲು ಬೇಡ, ಫೋಟೋ ಬೇಡ, ಮನೆಗೆ ಒಯ್ಯುವುದಂತೂ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿರುವ ಪ್ರಾಣಿಯನ್ನು ಹಿಡಿಯುವುದು ಬೇಟೆಯಾಡಿದಷ್ಟೇ ಅಪರಾಧ. ಅದು ಚಿರತೆಯ ಮರಿಯೋ ಕಾಡುಬೆಕ್ಕಿನ ಮರಿಯೋ ಎಂಬ ಗೊಂದಲ ಸಾಮಾನ್ಯ; ಯಾವುದೇ ಆದರೂ ಎತ್ತಬಾರದೆಂಬ ನಿಯಮ ಒಂದೇ.

ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಈ ಮಾತನ್ನು ಕಟಾವು ಶುರುವಾಗುವ ಮೊದಲೇ ಹೊಲಹೊಲಕ್ಕೆ ಮುಟ್ಟಿಸಲಿ. ಒಂದು ಮಡಿ ಕಬ್ಬು ಒಂದು ರಾತ್ರಿ ಹೆಚ್ಚಿಗೆ ನಿಂತರೆ ತಾಯಿಗೆ ತನ್ನ ಮರಿ ಸಿಗುತ್ತದೆ.