ಸಾಸ್ ಡಿಪ್ಪಾ, ಸಪರೇಟಾ?

ಇಟಾಲಿಯನ್ ರೆಸ್ಟೋರೆಂಟಿಗೆ ಹೋದಾಗ 'ಹೆಲ್ದಿ'ಯಾಗಿ ತಿನ್ನೋದು ಹೇಗೆ ಅಂತ ಉಪದೇಶ ಕೊಡೋರೆಲ್ಲ ಹೇಳೋದು ಅದದೇ ನಾಲ್ಕು ಮಾತು. ಪಾಸ್ತಾ ಬಿಟ್ಟು ಸಲಾಡ್ ತಗೊಳ್ಳಿ, ತೆಳು ಕ್ರಸ್ಟ್ ಪಿಜ್ಜಾ ಹೇಳಿ, ಮಲ್ಟಿಗ್ರೇನ್ ಇದ್ರೆ ಕೇಳಿ, ಡೆಸರ್ಟ್ ಬೇಡ ಅನ್ನಿ. ಇದನ್ನ ಓದಿ ಇಂದಿರಾನಗರದ 12ನೇ ಮೇನಿನಲ್ಲೋ ಕೋರಮಂಗಲದಲ್ಲೋ ಸೀಸರ್ ಸಲಾಡಿನ ಎದುರು ಸಪ್ಪೆ ಮುಖ ಹಾಕಿಕೊಂಡು ಕೂತ ಒಬ್ಬರಾದರೂ ಪ್ರತಿ ಟೀಮ್ ಲಂಚಿನಲ್ಲಿ ಸಿಗ್ತಾರೆ. ಪಾಪ, ಅವರಿಗೆ ಈ ಉಪದೇಶದಿಂದ ಆದ ಲಾಭ ಏನೂ ಇಲ್ಲ.

ಯಾಕೆ ಅಂದ್ರೆ, ಮೊದಲನೆಯದಾಗಿ ಆ ಸಲಾಡು ಇಟಲಿಯದ್ದೇ ಅಲ್ಲ. ಸೀಸರ್ ಕಾರ್ಡಿನಿ ಅನ್ನೋ ಇಟಾಲಿಯನ್ ವಲಸಿಗ 1924ರಲ್ಲಿ ಮೆಕ್ಸಿಕೋದ ತಿಹ್ವಾನಾದಲ್ಲಿ ಮಾಡಿದ್ದು ಅಂತ ಹೇಳ್ತಾರೆ. ಅದು ಎಲ್ಲಿಯದಾದರೂ ಆಗಲಿ, ಅದರ ಡ್ರೆಸಿಂಗ್ ಅಂದ್ರೆ ಮೊಟ್ಟೆಯ ಹಳದಿ, ಎಣ್ಣೆ, ಪಾರ್ಮೆಸಾನ್ ಚೀಸು. ಒಂದು ಟೇಬಲ್ ಚಮಚ ಎಣ್ಣೆಗೆ ಹತ್ತಿರ ಹತ್ತಿರ 120 ಕ್ಯಾಲೊರಿ, ಅದು ಆಲಿವ್ ಎಣ್ಣೆಯಾದರೂ ಅಷ್ಟೇ, ಕಡಲೆಕಾಯಿ ಎಣ್ಣೆಯಾದರೂ ಅಷ್ಟೇ. ಮೂರು ಚಮಚ ಎಣ್ಣೆಯ ಡ್ರೆಸಿಂಗ್, ಮೇಲೆ ಬೆಣ್ಣೆಯಲ್ಲಿ ಹುರಿದ ಬ್ರೆಡ್ ತುಂಡು, ತುರಿದ ಚೀಸು ಬಿತ್ತು ಅಂದ್ರೆ ಅದರ ಕೆಳಗಿರುವ ಲೆಟಿಸ್ ಬರೀ ಸಾಕ್ಷಿಗೆ ನಿಂತ ಹಾಗೆ. ಇನ್ನು ತೆಳು ಕ್ರಸ್ಟ್. ಹಿಟ್ಟು ಸ್ವಲ್ಪ ಕಮ್ಮಿ, ಸರಿ. ಚೀಸ್ ಕಮ್ಮಿ ಅಂತ ಯಾರು ಹೇಳಿದ್ರು?

ಈ ಉಪದೇಶಕರೆಲ್ಲ ಪಾಸ್ತಾವನ್ನ ಖಳನಾಯಕ ಮಾಡಿಬಿಟ್ಟಿದ್ದಾರೆ. ಪಾಸ್ತಾ ಅಂದ್ರೆ ಮೈದಾ ಅಂತ ನಮ್ಮ ಅಮ್ಮಂದಿರೂ ಹೇಳ್ತಾರೆ, ಜಿಮ್ ಟ್ರೈನರುಗಳೂ ಹೇಳ್ತಾರೆ. ಒಳ್ಳೆಯ ಒಣ ಪಾಸ್ತಾ ಮಾಡೋದು ಡ್ಯೂರಮ್ ಗೋಧಿಯ ರವೆಯಿಂದ. ಇಟಲಿಯಲ್ಲಿ ಅದಕ್ಕೆ 1967ರಲ್ಲಿ ಕಾನೂನೇ ಮಾಡಿದ್ದಾರೆ. ಸ್ವಲ್ಪ ಗಟ್ಟಿ ಉಳಿಯೋ ಹಾಗೆ ಬೇಯಿಸಿದ ಈ ಪಾಸ್ತಾ ರಕ್ತದಲ್ಲಿ ಸಕ್ಕರೆ ಏರಿಸೋದು ಬಿಳಿ ಬ್ರೆಡ್ಡಿಗಿಂತ ನಿಧಾನ. ಅಲ್ಲಿ ಒಬ್ಬರಿಗೆ ಲೆಕ್ಕ 80ರಿಂದ 100 ಗ್ರಾಮ್ ಒಣ ಪಾಸ್ತಾ, ಅಂದ್ರೆ ಸುಮಾರು 300-350 ಕ್ಯಾಲೊರಿ. ಅದರ ಮೇಲೆ ಸಾಸು ಸವರಿದ ಹಾಗೆ ಇರುತ್ತೆ. ಆಮೇಲೆ ಮೀನೋ ಮಾಂಸವೋ, ಪಕ್ಕದಲ್ಲಿ ಸೊಪ್ಪು ತರಕಾರಿ. ಒಂದೂವರೆ ಮುದ್ದೆ ತಿನ್ನೋ ನಮಗೆ ಅದೇನು ದೊಡ್ಡ ಊಟವಲ್ಲ.

ಎಡವಟ್ಟಾಗಿರೋದು ಸಾಸಿನಲ್ಲಿ. ಬೆಂಗಳೂರಿನ ಮೆನು ತೆಗೆದು ನೋಡಿ: ರೆಡ್ ಸಾಸ್, ವೈಟ್ ಸಾಸ್, ಪಿಂಕ್ ಸಾಸ್, ಪೆಸ್ಟೋ. ವೈಟ್ ಅಂದ್ರೆ ಬೆಣ್ಣೆ, ಮೈದಾ, ಹಾಲು, ಮೇಲಿಂದ ಕ್ರೀಮು. ಇಟಲಿಯವರು ಬೆಶಮೆಲ್ ಅಂತ ಮಾಡೋ ಈ ಸಾಸನ್ನ ಲಸಾನ್ಯದ ಪದರಗಳ ನಡುವೆ ಹಚ್ಚುತ್ತಾರೆ, ಪೆನ್ನೆಯ ಮೇಲೆ ಸೌಟುಗಟ್ಟಲೆ ಸುರಿಯೋದಿಲ್ಲ. ಪಿಂಕ್ ಅಂದ್ರೆ ಟೊಮೆಟೊಗೆ ಕ್ರೀಮು. ರೋಮಿನಲ್ಲಿ ಆಲ್ಫ್ರೆಡೋ ಡಿ ಲೆಲಿಯೋ ಪ್ರಸಿದ್ಧ ಮಾಡಿದ ಫೆಟ್ಟುಚಿನೆಯಲ್ಲಿ ಬೆಣ್ಣೆ, ಪಾರ್ಮೆಸಾನ್ ಬಿಟ್ಟರೆ ಬೇರೇನಿಲ್ಲ. ಅದಕ್ಕೆ ಕ್ರೀಮು ಸೇರಿದ್ದು ಅಮೆರಿಕದಲ್ಲಿ, ನಮಗೆ ಬಂದದ್ದೂ ಆ ದಾರಿಯಲ್ಲೇ. 25% ಕೊಬ್ಬಿನ ಕ್ರೀಮು 100 ಮಿಲಿ ಬಿದ್ದರೆ ಬರೀ ಕೊಬ್ಬಿನಿಂದಲೇ 225 ಕ್ಯಾಲೊರಿ. ಗಾರ್ಲಿಕ್ ಬ್ರೆಡ್ಡಿನ ಕಥೆಯೂ ಹೀಗೇ, ಇಟಲಿಯಲ್ಲಿ ಸುಟ್ಟ ಬ್ರೆಡ್ಡಿಗೆ ಬೆಳ್ಳುಳ್ಳಿ ಉಜ್ಜಿ ಎರಡು ಹನಿ ಎಣ್ಣೆ ಬಿಡ್ತಾರೆ, ಇಲ್ಲಿ ಬೆಣ್ಣೆಯಲ್ಲಿ ಮುಳುಗಿಸಿ ಚೀಸ್ ಹೊದಿಸ್ತಾರೆ.

ಹೀಗೆ ನಾಲ್ಕರಲ್ಲಿ ಎರಡು ಸಾಸು ಕ್ರೀಮು, ಮೂರನೆಯದು ಎಣ್ಣೆಯೂ ಚೀಸೂ ತುಂಬಿದ್ದು. ಇದನ್ನ ಎದುರಿಗಿಟ್ಟು 'ಆರೋಗ್ಯಕರ ಆಯ್ಕೆ ಮಾಡಿ' ಅಂದ್ರೆ ಏನರ್ಥ? ಮೆನುವಿನಲ್ಲಿ ಇಲ್ಲದ್ದನ್ನ ನಾನು ಆಯ್ದುಕೊಳ್ಳೋದು ಹೇಗೆ?

ಇಟಲಿಯ ಬಡವರ ಅಡುಗೆಮನೆಯಲ್ಲಿ ಅದು ಧಾರಾಳವಾಗಿತ್ತು ಅನ್ನೋದು ಇಲ್ಲಿನ ತಮಾಷೆ. ಅಮೆರಿಕದ ಶರೀರಶಾಸ್ತ್ರಜ್ಞ ಆನ್ಸೆಲ್ ಕೀಸ್ 1950ರ ದಶಕದ ಆರಂಭದಲ್ಲಿ ನೇಪಲ್ಸಿಗೆ ಹೋಗಿ, ಅಲ್ಲಿನ ದುಡಿಯುವ ಜನರಲ್ಲಿ ಹೃದ್ರೋಗ ಇಷ್ಟು ಕಮ್ಮಿ ಯಾಕೆ ಅಂತ ತಲೆ ಕೆಡಿಸಿಕೊಂಡರು. (ಅವರ ಅಧ್ಯಯನಗಳ ಬಗ್ಗೆ ತಕರಾರುಗಳೂ ಇವೆ, ಅದು ಬೇರೆ ಜಗಳ.) ಆ ಜನ ತಿನ್ನುತ್ತಿದ್ದದ್ದು ಕಾಳು, ಸೊಪ್ಪು, ಟೊಮೆಟೊ, ಬ್ರೆಡ್ಡು, ಪಾಸ್ತಾ, ಆಲಿವ್ ಎಣ್ಣೆ, ಅಪರೂಪಕ್ಕೆ ಮಾಂಸ. 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೆಡಿಟರೇನಿಯನ್ ಆಹಾರ ಪದ್ಧತಿ ಅಂದ್ರೆ ಇದೇ. ಪಾಸ್ತಾ ಎ ಚೇಚಿ ಅಂತ ಒಂದಿದೆ, ಕಾಬೂಲಿ ಕಡಲೆಯ ಜೊತೆ ಬೇಯಿಸಿದ ಪಾಸ್ತಾ. ಬೀನ್ಸ್ ಕಾಳಿನದ್ದು ಇನ್ನೊಂದು. ಟಸ್ಕನಿಯ ರಿಬೊಲ್ಲಿತಾ ಅಂದ್ರೆ ಹಳೇ ಬ್ರೆಡ್ಡು, ಕಾಳು, ಸೊಪ್ಪು ಹಾಕಿ ಮಾಡಿ ಮರುದಿನ ಮತ್ತೆ ಕುದಿಸಿದ್ದು. ನಿನ್ನೆಯ ಬಸ್ಸಾರು ಇವತ್ತು ಕುದಿಸಿದರೆ ಇನ್ನೂ ರುಚಿ ಅಂತೀವಲ್ಲ, ಅದೇ ಜಾತಿ. ಕಾಬೂಲಿ ಕಡಲೆ ಸಿಗದ ಅಂಗಡಿ ಈ ಊರಲ್ಲಿ ಇದೆಯಾ? ಆದರೂ ಅದು ಮೆನುವಿಗೆ ಬರೋದಿಲ್ಲ. ಕಡಲೆ ಹಾಕಿದ್ದಕ್ಕೆ 650 ರೂಪಾಯಿ ಕೇಳೋಕೆ ಅವರಿಗೂ ನಾಚಿಕೆ, ಕೊಡೋಕೆ ನಮಗೂ ಮನಸ್ಸಿಲ್ಲ. ಕ್ರೀಮು ಸುರಿದರೆ ಇಬ್ಬರಿಗೂ ದುಡ್ಡಿನ ಮೌಲ್ಯ ಬಂದ ಹಾಗೆ ಅನಿಸುತ್ತೆ.

'ತಿಂಗಳಿಗೊಂದು ಸಲ ತಾನೇ, ಬಿಡಿ ಸಾರ್' ಅನ್ನೋರಿದ್ದಾರೆ. ತಿಂಗಳಿಗೊಂದೇ ಸಲ ಆಗಿದ್ದರೆ ನಾನೂ ಬಾಯಿ ಮುಚ್ಚಿಕೊಂಡು ಇರ್ತಿದ್ದೆ. ಎಣಿಸಿ ನೋಡಿ. ಟೀಮ್ ಲಂಚು, ಒಬ್ಬರ ಫೇರ್‌ವೆಲ್ಲು, ಇನ್ನೊಬ್ಬರ ಬರ್ತ್‌ಡೇ, ರಿಲೀಸ್ ಮುಗಿದ ರಾತ್ರಿ ಆ್ಯಪಿನಲ್ಲಿ ತರಿಸಿದ ಪಿಜ್ಜಾ, ಭಾನುವಾರ ಅತ್ತೆ ಮಾವ ಬಂದಾಗ ಮಕ್ಕಳ ಹಟಕ್ಕೆ ವೈಟ್ ಸಾಸು. ಐಸಿಎಂಆರ್ ಅಧ್ಯಯನ 2023ರಲ್ಲಿ ಹೇಳಿದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಮಧುಮೇಹ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ. ಆಫೀಸಿನ ವಾರ್ಷಿಕ ಹೆಲ್ತ್ ಚೆಕಪ್ಪಿನ ರಿಪೋರ್ಟು ಬಂದ ದಿನ ಪ್ಯಾಂಟ್ರಿಯಲ್ಲಿ ನಡೆಯೋ ಪಿಸುಮಾತು ಕೇಳಿದರೆ ಆ ಹೊಸ್ತಿಲಲ್ಲಿ ನಿಂತವರು ಯಾರು ಅಂತ ಗೊತ್ತಾಗುತ್ತೆ. ಮೂವತ್ತೆರಡು, ಮೂವತ್ತೈದರ ಹುಡುಗರು, ಹುಡುಗಿಯರು.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದ ಪ್ರಕಾರ, ಹತ್ತು ಅಥವಾ ಹೆಚ್ಚು ಕಡೆ ಶಾಖೆ ಇರೋ ಹೋಟೆಲುಗಳು ಮತ್ತು ಕೇಂದ್ರ ಲೈಸೆನ್ಸ್ ಪಡೆದವು ಮೆನುವಿನಲ್ಲಿ ಪ್ರತಿ ತಿನಿಸಿನ ಪಕ್ಕ ಕ್ಯಾಲೊರಿ ಬರೀಬೇಕು. ಹಾಗಾಗಿ ಪಿಜ್ಜಾ ಚೈನುಗಳ ಲೆಕ್ಕ ನೋಡೋರಿಗೆ ಸಿಗುತ್ತೆ. ಆದರೆ ಮೇಣದಬತ್ತಿ ಹಚ್ಚಿಟ್ಟು ಒಂದೋ ಎರಡೋ ಶಾಖೆ ನಡೆಸೋ ದುಬಾರಿ ಟ್ರಾಟೋರಿಯಾ ಸಾಮಾನ್ಯವಾಗಿ ಈ ನಿಯಮದ ಕೈಗೆ ಸಿಗೋದಿಲ್ಲ. ಮಸಾಲೆದೋಸೆಯ ಹತ್ತು ಪಟ್ಟು ದುಡ್ಡು ಕೊಟ್ಟ ಜಾಗದಲ್ಲೇ ತಟ್ಟೆಯಲ್ಲಿ ಏನಿದೆ ಅಂತ ಗೊತ್ತಿರೋದಿಲ್ಲ.

ಗೊತ್ತಾಗಬೇಕಾದರೆ ಕೇಳಬೇಕು. ನಾವು ಕೇಳೋದಿಲ್ಲ, ನನ್ನ ಸಿಟ್ಟೆಲ್ಲ ಇದರ ಮೇಲೆ. ದರ್ಶಿನಿಯಲ್ಲಿ ನಮ್ಮ ಬಾಯಿ ನೋಡಬೇಕು. ಇಡ್ಲಿ ಡಿಪ್ಪಾ ಸಪರೇಟಾ ಅಂತ ಅವರು ಕೇಳ್ತಾರೆ, ಸಪರೇಟು, ಚಟ್ನಿ ಜಾಸ್ತಿ, ದೋಸೆಗೆ ಎಣ್ಣೆ ಕಮ್ಮಿ, ಕಾಫಿ ಸ್ಟ್ರಾಂಗು, ಶುಗರ್ ಕಮ್ಮಿ, ಬೈ ಟು ಅಂತ ನಾವು ಹುಕುಂ ಕೊಡ್ತೀವಿ. ಕೌಂಟರಿನವರು ಮುಖ ಸಿಂಡರಿಸೋದಿಲ್ಲ. ಅದೇ ನಾವು ಇಟಾಲಿಯನ್ ರೆಸ್ಟೋರೆಂಟಿನ ಬಟ್ಟೆಯ ನ್ಯಾಪ್‌ಕಿನ್ ಎದುರು ಮೂಕರಾಗ್ತೀವಿ. ಬ್ರುಸ್ಕೆಟ್ಟಾನೋ ಬ್ರುಶೆಟ್ಟಾನೋ ಅನ್ನೋ ಅಳುಕಿನಲ್ಲೇ ಅರ್ಧ ಧೈರ್ಯ ಹೋಗಿರುತ್ತೆ (ಬ್ರುಸ್ಕೆಟ್ಟಾ ಸರಿ, ತಪ್ಪು ಹೇಳಿದರೂ ಪ್ರಾಣ ಹೋಗೋದಿಲ್ಲ). ಕ್ರೀಮ್ ಕಮ್ಮಿ ಅಂದ್ರೆ ಹಳ್ಳಿ ಗಮಾರರು ಅಂದುಕೊಳ್ತಾರೇನೋ, ಅರ್ಧ ಪ್ಲೇಟ್ ಕೇಳಿದರೆ ಜುಗ್ಗರು ಅಂತಾರೇನೋ.

ಯಾರೂ ಏನೂ ಅಂದುಕೊಳ್ಳೋದಿಲ್ಲ. ನೆಟ್ಟಗಿರೋ ಅಡುಗೆಮನೆಯಲ್ಲಿ ಪಾಸ್ತಾವನ್ನ ನಿಮ್ಮ ಆರ್ಡರ್ ಬಂದ ಮೇಲೇ ಪ್ಯಾನಿನಲ್ಲಿ ಸಾಸಿಗೆ ಬೆರೆಸೋದು. ಅಂದ ಮೇಲೆ ಎಣ್ಣೆ ಒಂದು ಚಮಚ ಸಾಕು, ಚೀಸ್ ಬೇರೆ ಬಟ್ಟಲಲ್ಲಿ ಕೊಡಿ, ಡ್ರೆಸಿಂಗ್ ಸಪರೇಟು, ಇದ್ದಬದ್ದ ತರಕಾರಿ ಜಾಸ್ತಿ ಹಾಕಿ ಅಂದ್ರೆ ಅವರಿಗೆ ಏನೂ ಕಷ್ಟವಿಲ್ಲ. ಆಗೋದಿಲ್ಲ ಅಂದ್ರೆ ಸಾಸು ಡಬ್ಬದಿಂದ ಬರ್ತಿದೆ ಅಂತ ಅನುಮಾನ ಪಡಬಹುದು, ಅದೂ ತಿಳಿಯೋದು ಒಳ್ಳೇದೇ. ಅರಾಬ್ಯಾಟಾ ಆಗಲಿ ಪೊಮೊದೊರೊ ಆಗಲಿ, ಟೊಮೆಟೊ ಸಾಸಿನದ್ದು ತಗೊಳ್ಳಿ, ಒಂದನ್ನ ಇಬ್ಬರು ಹಂಚಿಕೊಳ್ಳಿ, ಮುಂಚೆ ಒಂದು ಮಿನೆಸ್ಟ್ರೋನೆ ಕುಡಿಯಿರಿ. ಆಲ್ಯೋ ಓಲ್ಯೋ ಕೇಳೋಕೆ ಹಗುರ, ಎಣ್ಣೆ ಎಷ್ಟು ಅಂತ ಹೇಳದಿದ್ದರೆ ತಟ್ಟೆಯ ತಳದಲ್ಲಿ ಕೆರೆಯೇ ನಿಂತಿರುತ್ತೆ. ತಿರಾಮಿಸು ಬೇಕಾ? ಒಂದು ತರಿಸಿ ನಾಲ್ಕು ಚಮಚ ಕೇಳಿ, ಅದನ್ನ ಬಿಡಿ ಅಂತ ಹೇಳೋಷ್ಟು ಕಟುಕ ನಾನಲ್ಲ.

ಗ್ರಾಹಕರೇ ಚೀಸ್ ಕೇಳ್ತಾರೆ, ನಾವೇನು ಮಾಡೋಣ ಅಂತ ಹೋಟೆಲಿನವರ ವಾದ. ಅದು ಪೂರ್ತಿ ಸುಳ್ಳಲ್ಲ. ಬೇರೇನಾದರೂ ಕೇಳೋ ದನಿ ಅವರ ಕಿವಿಗೆ ಬಿದ್ದೇ ಇಲ್ಲ. ಮುಂದಿನ ಟೀಮ್ ಲಂಚಿಗೆ ಟೇಬಲ್ ಬುಕ್ ಮಾಡೋರು ನೀವಾದರೆ ಫೋನಿನಲ್ಲೇ ಕೇಳಿ ನೋಡಿ: ಅರ್ಧ ಪ್ಲೇಟ್ ಕೊಡ್ತೀರಾ? ಕಡಲೆ ಹಾಕಿದ ಪಾಸ್ತಾ ಮಾಡ್ತೀರಾ? ಹದಿನೈದು ಜನ ಬರ್ತೀವಿ ಅಂತ ಮೊದಲೇ ಹೇಳಿ, ಆಮೇಲೆ ಈ ಪ್ರಶ್ನೆ ಕೇಳಿ.