ಹೌದಪ್ಪನ ಚಾವಡಿಯಲ್ಲಿ ಎರಡನೆಯ ಅಲ್ಲಪ್ಪ

ಒಂದು ಕಾರ್ಡಿನಲ್ಲಿ ಒಂದೇ ಗೆರೆ, ಇನ್ನೊಂದರಲ್ಲಿ ಮೂರು. ಆ ಮೂರರಲ್ಲಿ ಮೊದಲಿನದಕ್ಕೆ ಸಮನಾದ ಗೆರೆ ಯಾವುದೆಂದು ಕೂತವರು ಒಬ್ಬೊಬ್ಬರಾಗಿ ಎಲ್ಲರಿಗೂ ಕೇಳುವಂತೆ ಹೇಳಬೇಕು. ಚಿಕ್ಕ ಮಕ್ಕಳೂ ತಪ್ಪದ ಪ್ರಶ್ನೆ ಇದು. ಆದರೆ ಕೂತ ಏಳೆಂಟು ಮಂದಿಯಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ಬಂದವರು. 18 ಸುತ್ತುಗಳಲ್ಲಿ 12ರಲ್ಲಿ ಅವರು ಒಕ್ಕೊರಲಿನಿಂದ ತಪ್ಪು ಗೆರೆಯನ್ನೇ ಹೇಳುತ್ತಾರೆ. ಏನೂ ಅರಿಯದ ಆ ಒಬ್ಬನ ಸರದಿ ಬರುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರದೂ ಮುಗಿದಿರುತ್ತದೆ. ಅಮೆರಿಕದ ಸ್ವಾರ್ಥ್‌ಮೋರ್ ಕಾಲೇಜಿನ ಸಾಲಮನ್ ಆಶ್ 1950ರ ದಶಕದಲ್ಲಿ ನಡೆಸಿದ ಈ ಪ್ರಯೋಗ ಮನಶ್ಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಇಂದಿಗೂ ತಪ್ಪದೆ ಕಾಣಸಿಗುತ್ತದೆ. ಮೂರು ಕಾಲೇಜುಗಳ 123 ಹುಡುಗರ ಉತ್ತರಗಳನ್ನು ಒಟ್ಟುಹಾಕಿದಾಗ, ಆ ಹನ್ನೆರಡು ಸುತ್ತುಗಳ ಉತ್ತರಗಳಲ್ಲಿ ಶೇ. 37ರಷ್ಟು ಗುಂಪಿನ ತಪ್ಪಿನ ಕಡೆಗೇ ವಾಲಿದ್ದವು. ಇವೇ ಗೆರೆಗಳನ್ನು ಯಾರ ಒತ್ತಡವೂ ಇಲ್ಲದೆ ನೋಡಿದವರು ನೂರಕ್ಕೆ ಒಂದು ಸಲವೂ ತಪ್ಪಿರಲಿಲ್ಲ.

ಇಲ್ಲಿಗೆ ನಿಲ್ಲಿಸಿ ‘ಮನುಷ್ಯ ಎಂದರೆ ಕುರಿ’ ಎಂದು ಷರಾ ಬರೆಯುವುದು ಸುಲಭ. ಬಹಳ ಜನ ಬರೆದಿದ್ದಾರೆ ಕೂಡ. ಆದರೆ ಅದೇ ಲೆಕ್ಕವನ್ನು ಈ ಕಡೆಯಿಂದ ಓದಿದರೆ, ಸುಮಾರು ಮೂರನೆಯ ಎರಡು ಪಾಲು ಉತ್ತರಗಳು ಸರಿಯಾಗಿದ್ದವು. ನಾಲ್ವರಲ್ಲಿ ಒಬ್ಬ ಒಂದೇ ಒಂದು ಸಲವೂ ಜಗ್ಗಲಿಲ್ಲ. ಬಗ್ಗಿದವರಲ್ಲೂ ಗೆರೆ ನಿಜವಾಗಿ ಹಾಗೇ ಕಂಡಿತೆಂದವರು ತೀರ ಕಡಿಮೆ. ಕೆಲವರಿಗೆ ತಮ್ಮ ಕಣ್ಣಿನಲ್ಲೇ ಏನೋ ದೋಷವಿರಬೇಕೆನ್ನಿಸಿತ್ತು. ಇನ್ನು ಕೆಲವರಿಗೆ ಎಲ್ಲವೂ ಸ್ಪಷ್ಟವಾಗಿ ಕಂಡಿತ್ತು, ತಾನೊಬ್ಬನೇ ಬೇರೆಯಾಗುವುದು ಬೇಡವೆನ್ನಿಸಿತ್ತು, ಅಷ್ಟೇ. ನಾಲ್ಕು ಜನ ಏನಂತಾರೋ ಎಂಬ ಅಳುಕು ಅಮೆರಿಕದ ಹುಡುಗರನ್ನೂ ಬಿಟ್ಟಿರಲಿಲ್ಲ.

ಆಶ್ ಮುಂದೆ ಮಾಡಿದ ಸಣ್ಣಪುಟ್ಟ ಬದಲಾವಣೆಗಳು ಮೂಲ ಪ್ರಯೋಗಕ್ಕಿಂತ ಸ್ವಾರಸ್ಯವಾಗಿವೆ, ಆದರೆ ಅವುಗಳನ್ನು ನೆನೆಯುವವರು ಕಡಿಮೆ. ಎದುರಾಳಿ ಒಬ್ಬನೇ ಆಗಿದ್ದರೆ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ. ಮೂವರಾದರೆ ಒತ್ತಡ ಬಹುಪಾಲು ತುಂಬಿತು. ಅಲ್ಲಿಂದಾಚೆಗೆ ಎಷ್ಟು ಜನ ಸೇರಿಸಿದರೂ ಹೆಚ್ಚು ವ್ಯತ್ಯಾಸವಾಗಲಿಲ್ಲ. ಆದರೆ ಆ ಗುಂಪಿನಲ್ಲಿ ಒಬ್ಬನೇ ಒಬ್ಬ ನಿಜ ಹೇಳಿದರೆ ಸಾಕು, ತಪ್ಪುಗಳು ಕಾಲುಭಾಗಕ್ಕೆ ಇಳಿದವು. ಇನ್ನೂ ವಿಚಿತ್ರವೆಂದರೆ, ಆ ಒಬ್ಬ ನಿಜವನ್ನೇ ಹೇಳಬೇಕೆಂದೂ ಇಲ್ಲ. ಗುಂಪಿಗಿಂತಲೂ ಹಾಸ್ಯಾಸ್ಪದವಾದ ಉತ್ತರ ಕೊಟ್ಟರೂ ಗುಂಪಿನ ತಪ್ಪಿಗೆ ತಲೆಯಾಡಿಸುವುದು ಶೇ. 9ಕ್ಕೆ ಕುಸಿಯಿತು. ಹುಡುಗನನ್ನು ಕಟ್ಟಿಹಾಕಿದ್ದು ಗುಂಪಿನ ಗಾತ್ರಕ್ಕಿಂತ ಅದರ ಒಮ್ಮತ. ಅದರಲ್ಲಿ ಒಂದು ಬಿರುಕು ಬಿಟ್ಟರೆ ಸಾಕು, ಯಾರು ಯಾಕೆ ಬಿರುಕು ಬಿಡಿಸಿದರೆಂಬುದು ಆಮೇಲಿನ ಮಾತು.

ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ 1960ರ ದಶಕದ ಆರಂಭದಲ್ಲಿ ನಡೆಸಿದ ವಿದ್ಯುತ್ ಆಘಾತದ ಪ್ರಯೋಗದಲ್ಲೂ ಇದೇ ಕಂಡಿತು. ಪಕ್ಕದ ಕೋಣೆಯವನಿಗೆ ಆಘಾತವಾಗುತ್ತಿದೆಯೆಂದು ನಂಬಿಯೂ, ಅಧಿಕಾರಿ ಹೇಳಿದನೆಂದು 40 ಜನರಲ್ಲಿ 26 ಮಂದಿ ಕೊನೆಯ 450 ವೋಲ್ಟಿನ ಗುಂಡಿಯನ್ನೂ ಒತ್ತಿದರು. ಆ ಸಂಖ್ಯೆ ಲೋಕಪ್ರಸಿದ್ಧ. ಅದೇ ಪ್ರಯೋಗದ ಇನ್ನೊಂದು ರೂಪದಲ್ಲಿ ಜೊತೆಗಿದ್ದ ಇಬ್ಬರು ನಡುವೆಯೇ ಎದ್ದು ಒಲ್ಲೆನೆಂದಾಗ 40ರಲ್ಲಿ 36 ಮಂದಿ ತಾವೂ ನಿಲ್ಲಿಸಿದರೆಂಬ ಸಂಖ್ಯೆ ಅಷ್ಟು ಪ್ರಸಿದ್ಧವಾಗಲಿಲ್ಲ.

ಹಾಗಾಗಿ ಒಂಟಿ ಬಂಡಾಯಗಾರನಿಗೆ ನಾವು ಕಟ್ಟಿಕೊಂಡಿರುವ ಗುಡಿಯ ಬಗ್ಗೆ ನನಗೆ ಅನುಮಾನ. ಹೌದಪ್ಪನ ಚಾವಡಿಯಲ್ಲಿ ಅಲ್ಲಪ್ಪನನ್ನು ಕೇಳುವವರಾರು ಎಂಬ ಗಾದೆ ಸುಳ್ಳಲ್ಲ. ಆದರೆ ಅದು ಒಬ್ಬ ಅಲ್ಲಪ್ಪನ ಲೆಕ್ಕ. ಇಬ್ಬರಾದರೆ ಚಾವಡಿಯ ಸ್ವರೂಪವೇ ಬೇರೆ. ಮೊದಲನೆಯವನಿಗೆ ಧೈರ್ಯ ಬೇಕು, ಅದು ಎಲ್ಲರಿಗೂ ಇರುವಂಥದ್ದಲ್ಲ, ಇರಬೇಕೆಂದು ಬಯಸುವುದೂ ಅನ್ಯಾಯ. ಎರಡನೆಯವನಿಗೆ ಬೇಕಾಗುವುದು ಅದರ ಅರ್ಧದಷ್ಟು, ಕೆಲಸ ಆಗುವುದು ಅವನಿಂದಲೇ.

ನಮ್ಮ ಮದುವೆಗಳನ್ನೇ ನೋಡಿ. ಛತ್ರದ ಬಾಡಿಗೆ, ಊಟದ ಎಲೆಯ ಲೆಕ್ಕ, ಸಾಲ ತಂದು ಮಾಡಿಸಿದ ಒಡವೆ, ಇವೆಲ್ಲ ಅತಿಯಾಯಿತೆಂದು ಊಟದ ಪಂಕ್ತಿಯಲ್ಲೇ ಕೂತು ಪಿಸುಗುಡುವವರು ಎಷ್ಟಿಲ್ಲ? ಪ್ರತಿಯೊಬ್ಬರಿಗೂ ಉಳಿದವರೆಲ್ಲ ಇದನ್ನು ಮನಸಾರೆ ಬಯಸುತ್ತಾರೆಂಬ ನಂಬಿಕೆ. ಕುವೆಂಪು 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಪುರೋಹಿತರಿಲ್ಲದೆ, ಆಡಂಬರವಿಲ್ಲದೆ, ಮಂತ್ರಮಾಂಗಲ್ಯದ ಪ್ರಕಾರ ನೆರವೇರಿಸಿದರು. ಅಂಥ ಮದುವೆಗಳು ಈಗಲೂ ನಡೆಯುತ್ತವೆ, ಆದರೂ ಛತ್ರಗಳ ವ್ಯಾಪಾರಕ್ಕೆ ಕುಂದು ಬಂದಿಲ್ಲ. ನನಗನ್ನಿಸುವ ಒಂದು ಕಾರಣ ಇದು: ಕುವೆಂಪು ಅಷ್ಟು ದೊಡ್ಡವರಾಗಿದ್ದರಿಂದಲೇ ‘ಅವರಿಗೇನಪ್ಪ, ನಡೆಯುತ್ತೆ’ ಎಂದು ಅವರನ್ನು ಲೆಕ್ಕದಿಂದ ಹೊರಗಿಡುವುದು ಸುಲಭವಾಯಿತು. ಆಶ್ ಪ್ರಯೋಗದ ಜೊತೆಗಾರ ಪಕ್ಕದ ಕುರ್ಚಿಯಲ್ಲಿ ಕೂತ ಒಬ್ಬ ಸಾಮಾನ್ಯ ಹುಡುಗ. ಮದುವೆಯ ವಿಷಯದಲ್ಲಿ ಆ ಕುರ್ಚಿಯಲ್ಲಿ ಕೂರಬೇಕಾದದ್ದು ಷಡ್ಡಕನೋ, ಪಕ್ಕದ ಮನೆಯವರೋ.

ಉಳಿದವರ ಮನಸ್ಸನ್ನು ಹೀಗೆ ತಪ್ಪಾಗಿ ಎಣಿಸುವುದನ್ನು ಸೌದಿ ಅರೇಬಿಯಾದ ರಿಯಾದಿನಲ್ಲಿ ಅಳೆದು ನೋಡಿದ್ದಾರೆ. ಲಿಯೊನಾರ್ಡೊ ಬರ್ಸ್‌ಟಿನ್ ಮತ್ತು ಸಂಗಡಿಗರ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಹೆಂಗಸರು ಹೊರಗೆ ದುಡಿಯಬಹುದೆಂದು ಯುವ ಗಂಡಂದಿರಲ್ಲಿ ಶೇ. 87 ಮಂದಿ ಖಾಸಗಿಯಾಗಿ ಒಪ್ಪಿದರು. ಆದರೆ ಹೀಗೆ ಒಪ್ಪುವವರು ಎಷ್ಟು ಮಂದಿ ಎಂದು ಊಹಿಸುವಾಗ ಹೆಚ್ಚಿನವರು ಕಡಿಮೆ ಲೆಕ್ಕ ಹಾಕಿದರು. ನಿಜವಾದ ಸಂಖ್ಯೆ ತಿಳಿದವರಲ್ಲಿ ಹೆಂಡತಿಯ ಹೆಸರನ್ನು ಉದ್ಯೋಗ ಸೇವೆಗೆ ನೋಂದಾಯಿಸಿದವರು ಹೆಚ್ಚು. ಅಲ್ಲಿ ಯಾರೂ ಯಾರ ಮನಸ್ಸನ್ನೂ ಪರಿವರ್ತಿಸಲಿಲ್ಲ.

ಎರಡನೆಯವನ ಈ ಶಕ್ತಿಗೆ ಒಳ್ಳೆಯದು ಕೆಟ್ಟದ್ದರ ಹಂಗಿಲ್ಲ ಎಂಬುದನ್ನೂ ಹೇಳಬೇಕು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1978ರಲ್ಲಿ ಒಂದು ಗಣಿತ ಮುಂದಿಟ್ಟರು. ಚೌಕದಲ್ಲಿ ನೂರು ಜನ. ಒಬ್ಬ ಯಾರಿಗೂ ಕಾಯದೆ ಕಲ್ಲೆಸೆಯುತ್ತಾನೆ. ಒಬ್ಬ ಇನ್ನೊಬ್ಬರು ಎಸೆದದ್ದು ಕಂಡರೆ ಎಸೆಯುತ್ತಾನೆ. ಮತ್ತೊಬ್ಬ ಇಬ್ಬರನ್ನು ಕಂಡರೆ. ಹೀಗೆ ಏರುತ್ತ ಹೋಗಿ ನೂರೂ ಜನ ದೊಂಬಿಗಿಳಿಯುತ್ತಾರೆ. ಆ ಎರಡನೆಯವನ ಜಾಗದಲ್ಲಿ ‘ಇಬ್ಬರು ಎಸೆಯಲಿ, ನೋಡೋಣ’ ಎನ್ನುವ ಇನ್ನೊಬ್ಬನನ್ನು ನಿಲ್ಲಿಸಿ: ಕಲ್ಲು ಒಂದಕ್ಕೇ ನಿಲ್ಲುತ್ತದೆ. ಮಾರನೆಯ ದಿನದ ಪತ್ರಿಕೆ ಮೊದಲನೆಯ ಊರಿನವರನ್ನು ಉದ್ರಿಕ್ತರೆಂದೂ ಎರಡನೆಯ ಊರಿನಲ್ಲಿ ಯಾರೋ ತಲೆಕೆಟ್ಟವನಿದ್ದನೆಂದೂ ಬರೆದೀತು. 99 ಜನ ಎರಡೂ ಕಡೆ ಅವರೇ.

ಆದ್ದರಿಂದ ಜನರ ಸ್ವಭಾವವನ್ನು ಬೈಯುವುದಕ್ಕಿಂತ ಕೂರಿಸುವ ಏರ್ಪಾಡನ್ನು ತಿದ್ದುವುದು ಲೇಸು. ಸೈನಿಕ ನ್ಯಾಯಾಲಯಗಳಲ್ಲಿ ಕಿರಿಯ ಅಧಿಕಾರಿಯ ಅಭಿಪ್ರಾಯವನ್ನು ಮೊದಲು ಕೇಳುವ ಪದ್ಧತಿ ಬಂದದ್ದು ಮೇಲಿನವರ ಮಾತು ಬಿದ್ದಮೇಲೆ ಕೆಳಗಿನವರ ಬಾಯಿ ಏಳುವುದಿಲ್ಲವೆಂದೇ. ನಮ್ಮ ಸಭೆಗಳಲ್ಲಿ ನಡೆಯುವುದು ತಿರುವುಮುರುವು. ಅಧ್ಯಕ್ಷರು ಮೊದಲು ತಮ್ಮ ಅಭಿಪ್ರಾಯ ಹೇಳಿ, ‘ಎಲ್ಲರದೂ ಒಪ್ಪಿಗೆ ಇದೆಯಲ್ಲ?’ ಎಂದು ಕೇಳಿ, ಕಾಫಿ ಬರುವಷ್ಟರಲ್ಲಿ ನಡಾವಳಿ ಪುಸ್ತಕದಲ್ಲಿ ‘ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ಬರೆಸಿರುತ್ತಾರೆ. ಬಾಯಲ್ಲಿ ಹೇಳುವ ಮೊದಲು ಚೀಟಿಯಲ್ಲಿ ಬರೆದುಕೊಡಿ ಎಂದಷ್ಟೇ ಕೇಳಿದ್ದರೆ ಆ ವಾಕ್ಯದ ಎರಡನೆಯ ಪದ ಎಷ್ಟು ಸಲ ಉಳಿಯುತ್ತಿತ್ತೋ.

ಆಶ್ ಜೊತೆಗಾರನನ್ನು ಎರಡು ಬಗೆಯಲ್ಲಿ ಹಿಂತೆಗೆದು ನೋಡಿದ. ಒಂದು ಪ್ರಯೋಗದಲ್ಲಿ ಅವನು ನಡುವೆ ಗುಂಪಿನ ಕಡೆ ಸೇರಿಕೊಂಡ. ಒಂಟಿಯಾದ ಹುಡುಗನ ತಪ್ಪುಗಳು ತಟ್ಟನೆ ಹಳೆಯ ಮಟ್ಟದ ಹತ್ತಿರಕ್ಕೆ ಏರಿದವು. ಇನ್ನೊಂದರಲ್ಲಿ ಅವನು ಡೀನ್ ಅವರನ್ನು ಕಾಣಬೇಕೆಂದು ನೆಪ ಹೇಳಿ ಎದ್ದು ಹೋದ. ಆಗಲೂ ತಪ್ಪುಗಳು ಹೆಚ್ಚಿದವು, ಆದರೆ ಅಷ್ಟಲ್ಲ. ಆಮೇಲೆ ವಿಚಾರಿಸಿದಾಗ ಹುಡುಗರು ಜೊತೆಗಾರನನ್ನು ತುಂಬ ಆತ್ಮೀಯತೆಯಿಂದ ನೆನೆದರು. ಅವನಿಂದಾಗಿಯೇ ನೀವು ಗಟ್ಟಿಯಾಗಿ ನಿಂತಿರಾ ಎಂದು ಕೇಳಿದರೆ ಮಾತ್ರ ಒಪ್ಪಲಿಲ್ಲ.