ಕನ್ನಡ ವಿಭಾಗದ ಬೆಲೆ

ಪಾಠ ಮುಗಿದ ಮೇಲೆ ಏನು ಉಳಿಯುತ್ತದೆಯೋ ಅದೇ ಕಾಲೇಜಿನ ಕನ್ನಡ ವಿಭಾಗದ ಬೆಲೆಯೆಂದು ನಾನು ಎಣಿಸುತ್ತೇನೆ. 1969ರಲ್ಲಿ ಕ್ರೈಸ್ತ ಗುರುಗಳು ಸ್ಥಾಪಿಸಿದ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ ಬೋಧನೆಯ ಮಾಧ್ಯಮ ಇಂಗ್ಲಿಷು. ಕನ್ನಡಕ್ಕೆ ದೊರೆತದ್ದು ಭಾಷಾಪಾಠದ ಸ್ಥಾನವಷ್ಟೆ. ಅಷ್ಟರಲ್ಲಿಯೇ ಅಲ್ಲಿನ ಅಧ್ಯಾಪಕ ಚಿ. ಶ್ರೀನಿವಾಸರಾಜು ಅವರು ಕನ್ನಡ ಸಂಘವನ್ನು ಬೆಳೆಸಿದರು. ಬೇಂದ್ರೆಯವರ ಹೆಸರಿನಲ್ಲಿ ಕವನಸ್ಪರ್ಧೆ ನಡೆಸಿ, ವಿದ್ಯಾರ್ಥಿಗಳ ಕವಿತೆಗಳನ್ನು ಅಚ್ಚುಮಾಡಿಸಿದರು. ಸಂಘದಿಂದ ನೂರಕ್ಕೂ ಮಿಕ್ಕಿ ಪುಸ್ತಕಗಳು ಹೊರಬಂದವು. ಅವರು 2007ರಲ್ಲಿ ತೀರಿಕೊಂಡರೂ ಆ ಪುಸ್ತಕಗಳು ಉಳಿದಿವೆ.

ಹುಲಿಕುಂಟೆಯಂಥ ಊರುಗಳಿಂದ ಶಿರಾ, ಮಧುಗಿರಿಯ ಕಾಲೇಜುಗಳಿಗೆ ಬರುವ ನಮ್ಮ ಮಕ್ಕಳ ನಾಲಗೆಯ ಮೇಲೆ ಕನ್ನಡವಿದೆ, ಕೆಲವರಿಗೆ ಜೊತೆಗೆ ತೆಲುಗೂ ಇದೆ. ಇಂಥವರಿಗೆ ಬರಿಯ ಟಿಪ್ಪಣಿ, ಅಂಕಗಳು ಸಾಲವು. ಅಧ್ಯಾಪಕರ ಹುದ್ದೆಗಳನ್ನು ಸರ್ಕಾರ ತುಂಬಲೇಬೇಕು. ಆದರೆ ವರ್ಷಕ್ಕೊಂದು ಸ್ಪರ್ಧೆ, ಒಂದು ಪುಟ್ಟ ಕವನಸಂಗ್ರಹ, ಇವಕ್ಕೆ ಯಾರ ಆದೇಶ ಬೇಕು?